ಗೆರೆಯ ಕೆಳಗಿನ ಕೆಲಸ

ಮುರಳೀಕೃಷ್ಣ ಲ್ಯಾಪ್‌ಟಾಪ್ ಹಿಡಿದು ನಮ್ಮ ಅಂಗಡಿಗೆ ಬಂದ ಮೊದಲ ದಿನವೇ ಮಾವನ ಕೈಲಿ ಬೈಸಿಕೊಂಡ. ತಪ್ಪು ಅವನದಲ್ಲ, ಅವನು ಮಾರಲು ತಂದಿದ್ದ ಸಾಫ್ಟ್‌ವೇರಿನದು. ಕೆಲಸ ಮುಗಿದ ಕೂಡಲೇ ಗಿರಾಕಿಯ ಫೋನಿಗೆ ತಾನಾಗಿಯೇ ಒಂದು ಮೆಸೇಜು ಹೋಗುತ್ತದೆ ಎಂದು ಬಹಳ ಹೆಮ್ಮೆಯಿಂದ ತೋರಿಸಿದ. ‘ನಮ್ಮನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಮತ್ತೊಮ್ಮೆ ನಿಮ್ಮ ಸೇವೆ ಮಾಡಲು ಕಾದಿರುತ್ತೇವೆ’ ಎಂದಿತ್ತು ಅದರಲ್ಲಿ. ಕೆಳಗೆ ಸಾಲಾಗಿ ನಕ್ಷತ್ರಗಳು.

ಮಾವ ಕನ್ನಡಕ ಏರಿಸಿಕೊಂಡು ಓದಿದರು.

“ಇದನ್ನ ಹೆಣ ಸುಟ್ಟು ಬಂದೋರ್ಗೆ ಕಳಿಸ್ತೀಯೇನಪ್ಪಾ? ಇನ್ನೊಬ್ರು ಯಾವಾಗ ಹೋಗ್ತಾರೆ ಅಂತ ಕಾಯ್ಕೊಂಡು ಕೂತಿದೀವಾ ನಾವು?”

“ಅದು ಡೀಫಾಲ್ಟ್ ಸಾರ್. ಎಲ್ಲಾ ಬಿಸಿನೆಸ್‌ಗೂ ಇದೇ ಬರುತ್ತೆ. ಬ್ಯೂಟಿ ಪಾರ್ಲರ್, ಪೆಸ್ಟ್ ಕಂಟ್ರೋಲು...”

“ಜಿರಳೆಯಾದ್ರೆ ಮತ್ತೆ ಬರುತ್ತೆ ಬಿಡು,” ಎಂದು ಮಾವ ಎದ್ದು ಹೋದರು.

ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವನಿಗೇನು ಗೊತ್ತು. ಊರಿನವರೆಲ್ಲ ಎಲ್ಲಿಂದ ಹೊರಟರೂ ‘ಬರ್ತೀನಿ’ ಎನ್ನುತ್ತಾರೆ, ‘ಹೋಗ್ತೀನಿ’ ಎಂದರೆ ಅಪಶಕುನ. ಸಾವಿನ ಮನೆಯಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ ‘ಬರ್ತೀನಿ’ ಎನ್ನಬಾರದು, ಮಾತಾಡದೆ ಎದ್ದು ನಡೆಯಬೇಕು. ನಮ್ಮ ಕಸುಬಿನವರಿಗಂತೂ ಇದು ಬಾಯಿಗೆ ಹಾಕಿದ ಬೀಗ. ನಾನು ಹೊಸದಾಗಿ ಸೊಸೆಯಾಗಿ ಬಂದಾಗ ಬಸವೇಶ್ವರನಗರದ ಒಂದು ಮನೆಗೆ ಹೆಣ ಇಡುವ ಫ್ರೀಜರ್ ಬಾಕ್ಸಿನ ಜೊತೆ ಹೋಗಿದ್ದೆ. ಹೊರಡುವಾಗ ಅಭ್ಯಾಸಬಲದಿಂದ “ಬರ್ತೀವಿ ಆಂಟಿ” ಎಂದುಬಿಟ್ಟೆ. ಆ ಮನೆಯ ಹೆಂಗಸು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮಾವ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ನಮ್ಮದು ಕಾಮಾಕ್ಷಿಪಾಳ್ಯದಲ್ಲಿ ಬಿದಿರಿನ ಅಂಗಡಿ. ಮುಂದುಗಡೆ ಪೇಂಟರುಗಳಿಗೆ ಏಣಿ, ಚಪ್ಪರಕ್ಕೆ ಗಳ, ಹಿಂದುಗಡೆ ಚಟ್ಟ. ಅಂಜಿನಯ್ಯ ಎಂದರೆ ಮಾಗಡಿ ರಸ್ತೆಯ ಈ ತುದಿಯಲ್ಲಿ ಗೊತ್ತಿಲ್ಲದವರಿಲ್ಲ, ಗೊತ್ತಿದೆ ಎಂದು ಹೇಳಿಕೊಳ್ಳುವವರೂ ಇಲ್ಲ. ಅವರೇ ನನ್ನ ಮಾವ. ಚಟ್ಟದ ಜೊತೆಗೆ ಹೂವು, ಮಡಕೆ, ಪುರೋಹಿತರು ಎಂದು ಶುರುವಾದದ್ದು ಈಗ ಫ್ರೀಜರ್ ಬಾಕ್ಸು, ವ್ಯಾನಿನವರೆಗೆ ಬಂದಿದೆ. ವ್ಯಾನು ಓಡಿಸುವವರು ನನ್ನ ಗಂಡ ನಾಗೇಂದ್ರ. ನಾನು ಬಿಕಾಂ ಓದಿದವಳು, ಮದುವೆಗೆ ಮುಂಚೆ ಒಂದು ಗಾರ್ಮೆಂಟ್ಸಿನ ಆಫೀಸಿನಲ್ಲಿದ್ದೆ. ಇಲ್ಲಿ ಫೋನು ಎತ್ತುವುದು, ಬಿಲ್ಲು ಬರೆಯುವುದು ನನ್ನ ಪಾಲಿಗೆ ಬಂತು. ಬೀದಿಯವರು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರುವುದಿಲ್ಲ. ಅವರ ಮನೆಯಲ್ಲಿ ಯಾರಾದರೂ ಹೋದರೆ ಮಾತ್ರ ಮೊದಲ ಫೋನು ನಮಗೇ.

ಈ ಸಾಫ್ಟ್‌ವೇರು ಬಂದದ್ದು ಒಂದು ಆಸ್ಪತ್ರೆಯ ಕಾರಣಕ್ಕೆ. ವಿಜಯನಗರದಲ್ಲಿ ಹೊಸದಾಗಿ ಹೆರಿಗೆ ಆಸ್ಪತ್ರೆ ತೆರೆದಿತ್ತು. ಹೆರಿಗೆ ಆಸ್ಪತ್ರೆಗೆ ನಮ್ಮಂಥವರೇಕೆ ಎಂದು ಕೇಳಬೇಡಿ, ಬೇಕಾಗುತ್ತಾರೆ. ‘ನಮ್ಮ ಜೊತೆ ಕೆಲಸ ಮಾಡಬೇಕಾದರೆ ನಿಮ್ಮ ಸೇವೆಗಳ ಕ್ಯಾಟಲಾಗ್ ಕೊಡಿ, ಯಾವ ಸೇವೆಯಲ್ಲಿ ಏನೇನು ಹಂತ, ಯಾರು ಜವಾಬ್ದಾರಿ, ಎಲ್ಲ ಅದರಲ್ಲಿರಬೇಕು’ ಎಂದು ಅಲ್ಲಿಯ ಮ್ಯಾನೇಜರು ಹೇಳಿದರು. ಕ್ಯಾಟಲಾಗನ್ನು ಸೀರೆ ಅಂಗಡಿಯಲ್ಲಿ ಮಾತ್ರ ನೋಡಿದ್ದ ಮಾವ ತಲೆ ಕೆರೆದುಕೊಂಡರು. ನಾನೇ ವಿಚಾರಿಸಿ, ಅನ್ನಪೂರ್ಣೇಶ್ವರಿ ನಗರದಲ್ಲಿ ಆಫೀಸಿದ್ದ ಮುರಳೀಕೃಷ್ಣನನ್ನು ಕರೆಸಿದೆ.

ಬೈಸಿಕೊಂಡರೂ ಅವನು ಒಳ್ಳೆಯವನು, ಕೂತು ಕಲಿಸಿದ. ಪರದೆಯ ನಡುವೆ ಅಡ್ಡಲಾಗಿ ಒಂದು ಗೆರೆ. ಗೆರೆಯ ಮೇಲೆ ಗಿರಾಕಿಯ ಕಣ್ಣಿಗೆ ಬೀಳುವ ಕೆಲಸ, ಕೆಳಗೆ ಕಣ್ಣಿಗೆ ಬೀಳದ ಕೆಲಸ. ಹೋಟೆಲಾದರೆ ತಟ್ಟೆಯಲ್ಲಿ ಬರುವ ದೋಸೆ ಮೇಲೆ, ಹಿಟ್ಟು ರುಬ್ಬುವುದು ಕೆಳಗೆ ಎಂದ. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಚೌಕ. ಏನು ಮಾಡಬೇಕು, ಯಾರು ಮಾಡಬೇಕು, ಮುಂದೇನು ಎಂದು ತುಂಬಬೇಕು. ತುಂಬಿದರೆ ಚೌಕ ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪಗೆ ಉಳಿಯುತ್ತದೆ. ಒಂದೇ ಒಂದು ಕೆಂಪು ಉಳಿದರೂ ಕ್ಯಾಟಲಾಗು ಹೊರಗೆ ಹೋಗುವುದಿಲ್ಲ.

ಆಶ್ಚರ್ಯವೆಂದರೆ ಮಾವನಿಗೆ ಈ ಗೆರೆ ಹಿಡಿಸಿಬಿಟ್ಟಿತು. ಇಷ್ಟು ವರ್ಷ ಮಾಡಿದ್ದನ್ನು ಯಾರೂ ಅವರ ಬಾಯಿಂದ ಕೇಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಾವಾಗಿಯೇ ಸ್ಟೂಲು ಎಳೆದುಕೊಂಡು ಬರುತ್ತಿದ್ದರು.

“ಅಪಾರ್ಟ್‌ಮೆಂಟ್‌ದು ಬರ್ಕೊ. ಲಿಫ್ಟ್ ಸಣ್ಣದಿದ್ರೆ ಹೆಣ ಮಲಗಿಸಕ್ಕಾಗಲ್ಲ, ನಿಲ್ಲಿಸ್ಕೊಂಡೇ ಇಳಿಸ್ಬೇಕು. ಮನೆಯೋರನ್ನ ಅದಕ್ಕೆ ಮುಂಚೆ ಮೆಟ್ಟಿಲಲ್ಲಿ ಕಳಿಸ್ಬಿಡ್ಬೇಕು. ಇದನ್ನ ಗೆರೆ ಕೆಳಗೆ ಹಾಕು.”

“ಕೆಳಗೇ ಹಾಕಿದೀನಿ ಮಾವ.”

“ಇನ್ನೂ ಕೆಳಗೆ ಜಾಗ ಇದ್ರೆ ಇನ್ನೂ ಕೆಳಗೆ ಹಾಕು.”

ಹೀಗೆ ಮನೆಯ ಸಾವು, ಆಸ್ಪತ್ರೆಯ ಸಾವು, ಬೇರೆ ಊರಿಗೆ ಸಾಗಿಸುವುದು, ಎಲ್ಲ ಒಂದೊಂದಾಗಿ ಹಸಿರಾದವು. ಉಳಿದದ್ದು ಒಂದೇ, ಹಸುಗೂಸುಗಳದು. ಆಸ್ಪತ್ರೆಯವರು ಮೊದಲು ಕೇಳಿದ್ದು ಅದನ್ನೇ. ನಾನು ಕೊನೆಗೆ ಇಟ್ಟುಕೊಂಡಿದ್ದೆ, ಬೇಕೆಂದೇ.

ಮೂರು ವರ್ಷದ ಹಿಂದೆ ನನಗೊಂದು ಹೆಣ್ಣು ಮಗುವಾಯಿತು. ದಿನ ತುಂಬುವ ಮೊದಲೇ ಬಂತು, ಅಳಲಿಲ್ಲ. ಆಪರೇಷನ್ನಿನ ಮಂಪರಿನಲ್ಲಿ ಮಲಗಿದ್ದ ನಾನು ಕಂಡದ್ದು ಇಷ್ಟೇ: ಬಾಗಿಲಲ್ಲಿ ಮಾವನ ಬೆನ್ನು, ಅವರ ತೋಳಿನಲ್ಲಿ ಬಿಳಿ ಬಟ್ಟೆಯ ಗಂಟು. ಮುಖವನ್ನೂ ನೋಡಲಿಲ್ಲ. ಮಾವ ಖಾಕಿ ಶರ್ಟು ಹಾಕಿದ್ದರು. ಅದು ಅವರ ಕೆಲಸದ ಶರ್ಟು. ಬೆಂಕಿಪೊಟ್ಟಣ, ದಾರ, ಅರಿಶಿನದ ಪೊಟ್ಟಣ ಇಡಲು ದೊಡ್ಡ ಜೇಬುಗಳಿದ್ದ ಆ ಶರ್ಟನ್ನು ಅವರು ಹೆಣ ಎತ್ತಲು ಹೋಗುವಾಗ ಮಾತ್ರ ಹಾಕುತ್ತಾರೆ. ಆಮೇಲೆ ನಾಗೇಂದ್ರ ನನ್ನ ಸಮಾಧಾನಕ್ಕೆಂದು, “ಎಲ್ಲಾ ಸರಿಯಾಗಿ ಆಯ್ತು ಕಣೇ. ಅಪ್ಪ ಬಂದು ಸ್ನಾನ ಮಾಡಿ, ಕಾಫಿ ಕುಡ್ದು, ಸಾಯಂಕಾಲ ಇನ್ನೊಂದು ಕೆಲಸಕ್ಕೂ ಹೋದ್ರು” ಎಂದರು. ಅದು ಸಮಾಧಾನವೇ? ನನ್ನ ಮಗಳೂ ಆ ಮನುಷ್ಯನಿಗೆ ಒಂದು ಆರ್ಡರು ಎಂದುಕೊಂಡೆ. ಅಂದಿನಿಂದ ಅವರಿಗೆ ಊಟ ಬಡಿಸಿದ್ದೇನೆ, ಮಾತ್ರೆ ತಂದುಕೊಟ್ಟಿದ್ದೇನೆ, ಮನಸ್ಸಿನೊಳಗೆ ಬೈಯುವುದನ್ನು ಒಂದು ದಿನವೂ ಬಿಟ್ಟಿಲ್ಲ.

ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಅದಕ್ಕೆ ಚಟ್ಟವಿಲ್ಲ, ಒಬ್ಬರ ತೋಳಿನಲ್ಲೇ ಹೋಗಬೇಕು. ತಾಯಿ ಹೋಗುವಂತಿಲ್ಲ. ಎಲ್ಲಿ ಮಲಗಿಸಿದರು ಎಂದು ತಾಯಿಗೆ ಹೇಳುವಂತೆಯೂ ಇಲ್ಲ, ಅವಳು ಕೇಳುವಂತೆಯೂ ಇಲ್ಲ. ನಾನು ಒಮ್ಮೆ ಬಾಯಿ ತೆರೆದಾಗ ಅತ್ತೆ ಇಂದ್ರಮ್ಮ ಕೈ ಅಡ್ಡ ಹಿಡಿದರು. ಜಾಗ ಗೊತ್ತಾದರೆ ಮನಸ್ಸು ಅಲ್ಲೇ ಸುತ್ತುತ್ತದೆ, ಮತ್ತೆ ಮಡಿಲು ತುಂಬುವುದಿಲ್ಲ ಎಂದರು. ಗೊತ್ತಿಲ್ಲದೆಯೂ ನನ್ನ ಮನಸ್ಸು ಸುತ್ತುತ್ತಲೇ ಇತ್ತು, ನಿಲ್ಲಲು ಒಂದು ಜಾಗವಿಲ್ಲದೆ ಸುತ್ತುತ್ತಿತ್ತು. ಮಡಿಲಂತೂ ತುಂಬಲಿಲ್ಲ. ಬಸ್ಸಿನಲ್ಲಿ ರುದ್ರಭೂಮಿಯ ಮುಂದೆ ಹಾದುಹೋಗುವಾಗಲೆಲ್ಲ ಕಾಂಪೌಂಡು ನೋಡುತ್ತೇನೆ. ಗೋಡೆಯ ಮೇಲೆ ಯಾರೋ ಹುಲಿ, ನವಿಲು ಬರೆದಿದ್ದಾರೆ. ಅದರಾಚೆ ಮರದ ತುದಿ ಕಾಣುತ್ತದೆ, ನೆಲ ಕಾಣುವುದಿಲ್ಲ.

ಸೊಸೆಯಾಗಿ ಕೇಳಲಾಗದ್ದನ್ನು ಈ ಸಾಫ್ಟ್‌ವೇರಿನ ಹೆಸರಿನಲ್ಲಿ ಕೇಳಬಹುದು ಎಂದು ನನಗೆ ಹೊಳೆದದ್ದು ಆ ಕೆಂಪು ಚೌಕಗಳನ್ನು ನೋಡುತ್ತ ಕೂತಾಗ. ಗೆರೆಯ ಕೆಳಗೆ ಏನಾಯಿತು ಎಂದು ಕೇಳುವುದು ನನ್ನ ಕೆಲಸವೇ ಆಗಿತ್ತಲ್ಲ.

ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಮಾವ ಅಂಗಡಿಯಲ್ಲಿ ಬಿದಿರು ಸೀಳುತ್ತಿದ್ದರು.

“ಮಾವ, ಒಂದೇ ಉಳ್ದಿರೋದು. ಮಕ್ಕಳದು.”

ಮಚ್ಚು ನಿಂತಿತು. “ನಾಗೇಂದ್ರನ್ನ ಕೇಳು.”

“ಅವರು ವ್ಯಾನ್ ಓಡ್ಸೋರು. ಮಗು ಎತ್ಕೊಳ್ಳೋರು ನೀವು.”

ಅವರು ನನ್ನ ಮುಖ ನೋಡಲಿಲ್ಲ. ಬಿದಿರಿನ ಸಿಬಿರು ಕೀಳುತ್ತ “ಬರ್ಕೊ” ಎಂದರು.

“ಮೊದಲು ಮಗೂನ ಇಸ್ಕೋಬೇಕು. ನರ್ಸ್ ಕೈಯಿಂದ ಅಲ್ಲ, ತಾಯಿ ಕೈಯಿಂದ. ಎರಡೂ ಕೈಯಲ್ಲಿ ಹಿಡೀಬೇಕು. ಒಂದು ಕೈಯಲ್ಲೇ ಹಿಡಿಯೋಷ್ಟು ಹಗುರ ಇರುತ್ತೆ, ಆದ್ರೂ ಎರಡು ಕೈ.”

“ಗೆರೆ ಮೇಲೆ?”

“ಮೇಲೆ. ಅವಳು ನೋಡ್ತಾ ಇರ್ತಾಳೆ.”

“ತಾಯಿಗೆ ಎಚ್ಚರ ಇಲ್ದಿದ್ರೆ?”

ಅವರು ಇನ್ನೊಂದು ಸಿಬಿರು ಕಿತ್ತರು. “ತೊಟ್ಟಿಲಿಂದ ಎತ್ಕೋಬೇಕು, ಇನ್ನೇನ್ ಮಾಡೋದು.”

“ಮುಂದೆ?”

“ವ್ಯಾನಲ್ಲಿ ಹಿಂದೆ ಮಲಗಿಸ್ಬಾರದು. ಮುಂದಿನ ಸೀಟಲ್ಲಿ ಕೂತು ತೊಡೆ ಮೇಲೆ ಇಟ್ಕೋಬೇಕು. ಬಿಸಿಲು ಬಿದ್ರೆ ಟವಲ್ ಅಡ್ಡ ಹಿಡೀಬೇಕು.”

“ಸತ್ತಿರೋ ಮಗುಗೆ ಬಿಸಿಲೇನು ಮಾವ?” ನನ್ನ ಧ್ವನಿ ಬೇಡವೆಂದರೂ ಒರಟಾಯಿತು.

“ಬರ್ಕೊ ಅಂದೆ.” ಬರೆದುಕೊಂಡೆ. “ರುದ್ರಭೂಮೀಲಿ ಹೊಂಗೆ ಮರದ ಹತ್ರ ಒಂದು ಮೂಲೆ ಇದೆ, ಮಕ್ಕಳಿಗೆ ಅಂತಲೇ. ಅಗೆಯೋನು ಗುಂಡಿ ತೆಗೆದಿರ್ತಾನೆ. ಮಗೂನ ಅವನ ಕೈಗೆ ಕೊಡಲ್ಲ, ನಾನೇ ಇಳ್ದು ಮಲಗಿಸ್ತೀನಿ. ಬಾಯಿಗೆ ಒಂದು ಹನಿ ಹಾಲು. ಆಮೇಲೆ ಮಣ್ಣು. ಸನಿಕೆಯಲ್ಲಿ ಸುರೀಬಾರದು, ಕೈಯಲ್ಲೇ ಮೆಲ್ಲಗೆ ಬಿಡ್ಬೇಕು. ಮುಖ ಮುಚ್ಚೋವರೆಗಾದ್ರೂ ಕೈಯಲ್ಲೇ.”

ಚೌಕಗಳು ಒಂದಾದ ಮೇಲೊಂದು ಹಸಿರಾಗುತ್ತಿದ್ದವು. ನನ್ನ ಕಣ್ಣು ಮಂಜಾಗಿ ಅಕ್ಷರ ತಪ್ಪುತ್ತಿತ್ತು. ಬಿಸಿಲಿಗೆ ಟವಲು ಹಿಡಿದಿದ್ದರು. ಹಾಲು ಹಾಕಿದ್ದರು. ಕೈಯಲ್ಲಿ ಮಣ್ಣು ಬಿಟ್ಟಿದ್ದರು. ಎಂಥ ಪಾಪಿ ನಾನು, ಈ ಮನುಷ್ಯನನ್ನು ಇಷ್ಟು ದಿನ ಶಪಿಸಿದೆನಲ್ಲ. ಎದ್ದು ಅವರ ಕಾಲು ಹಿಡಿಯಬೇಕೆನಿಸಿತು. ಅದರ ಬದಲು ಕೇಳಿಬಿಟ್ಟೆ.

“ನಮ್ಮ ಪಾಪೂನ ಹೊಂಗೆ ಮರದ ಯಾವ ಕಡೆ ಮಲಗಿಸಿದ್ರಿ ಮಾವ?”

ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಮಾವ ಮಚ್ಚನ್ನು ಕೆಳಗಿಟ್ಟರು.

“ಗೊತ್ತಿಲ್ಲ ಕಣಮ್ಮ.”

“ಗೊತ್ತಿಲ್ಲ ಅಂದ್ರೆ?”

“ನಾನು ಒಳಗೆ ಹೋಗ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದೆಂದೂ ಇತ್ತೇನೋ. ಅವರು ನೆಲ ನೋಡುತ್ತಲೇ ಹೇಳಿದರು.

“ನಾಗೇಂದ್ರ ನಿನ್ನ ಹತ್ರ ಇರ್ಲಿ ಅಂತ ನಾನೊಬ್ನೇ ಆಟೋದಲ್ಲಿ ಹೋದೆ. ಗೇಟಲ್ಲಿ ಇಳಿಯುವಾಗ ಬಟ್ಟೆ ಸರೀತು. ಮುಖ ಕಾಣಿಸ್ತು. ನಿನ್ನದೇ ಮೂಗು. ಎಷ್ಟು ಮಕ್ಕಳನ್ನ ಎತ್ಕೊಂಡು ಹೋಗಿದೀನಿ, ಅವತ್ತು ಕಾಲು ಬರ್ಲಿಲ್ಲ. ರಾಚಪ್ಪ ಇದ್ನಲ್ಲ, ಅಗೆಯೋನು, ಅವನ ಕೈಗೆ ಕೊಟ್ಬಿಟ್ಟೆ. ಕೊಟ್ಟು ಈಚೆಗೆ ಬಂದು ಬಸ್‌ಸ್ಟಾಪಲ್ಲಿ ಕೂತ್ಕೊಂಡೆ.”

“ಖಾಕಿ ಶರ್ಟ್ ಹಾಕ್ಕೊಂಡು ಬಂದಿದ್ರಲ್ಲ.”

“ಅದನ್ನ ಹಾಕ್ಕೊಂಡ್ರೆ ಕೈ ನಡುಗಲ್ಲ ಅಂದ್ಕೊಂಡೆ.”

“ರಾಚಪ್ಪನ್ನ ಆಮೇಲೆ ಕೇಳ್ಲಿಲ್ವಾ?”

“ಕೇಳ್ಬೇಕು ಅಂತಲೇ ಇದ್ದೆ. ಅವನು ಎದುರಿಗೆ ಸಿಕ್ಕಾಗೆಲ್ಲ ಬಾಯಿಗೆ ಬರ್ತಾ ಇತ್ತು. ಅವನೇ ಹೋಗ್ಬಿಟ್ಟ.”

ಹೌದು, ರಾಚಪ್ಪ ಹೋದ ಆಷಾಢದಲ್ಲಿ ಸತ್ತಿದ್ದ. ಅವನ ಚಟ್ಟವನ್ನು ಮಾವನೇ ಕಟ್ಟಿದ್ದರು. ಇನ್ನು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಮಗಳು ಎಲ್ಲಿದ್ದಾಳೆ ಎಂದು ನನ್ನ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದೆ, ಎಂದಾದರೂ ಒಂದು ದಿನ ಅವರ ಬಾಯಿಂದ ಬರುತ್ತದೆ ಎಂಬ ಆಸೆಯ ಮೇಲೆ ನಾನು ಮೂರು ವರ್ಷ ನಿಂತಿದ್ದೆ. ಅದು ಆ ಮಧ್ಯಾಹ್ನ ಹೋಯಿತು. ಮಗಳು ಇನ್ನೊಮ್ಮೆ ಸತ್ತ ಹಾಗಾಯಿತು.

“ಬೇರೆಯೋರ ಮಕ್ಕಳಿಗೆಲ್ಲ ಹಾಲು ಹಾಕಿದೀರ,” ಎಂದೆ. “ನಮ್ಮದಕ್ಕೆ ಹಾಕಿದ್ರೋ ಇಲ್ವೋ ಅದೂ ಗೊತ್ತಿಲ್ಲ.”

ಮಾವ ಅತ್ತರು. ಸಾವಿನ ಮನೆಗಳಲ್ಲೇ ಆಯುಷ್ಯ ಕಳೆದವರು, ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿದಿರಿನ ಧೂಳು ಹಿಡಿದ ಕೈಯಲ್ಲಿ ಒರೆಸಿಕೊಂಡದ್ದಕ್ಕೆ ಕಣ್ಣು ಇನ್ನಷ್ಟು ಕೆಂಪಾಯಿತು. ನಾನು ಸಮಾಧಾನ ಮಾಡಲಿಲ್ಲ. ಮಾಡುವ ಮನಸ್ಸಾಗಲಿಲ್ಲ, ಸುಳ್ಳೇಕೆ ಹೇಳಲಿ. ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋಗಿ ಅಡಿಗೆಮನೆಯ ನೆಲದ ಮೇಲೆ ಕೂತು ನನ್ನ ಪಾಲಿನದನ್ನು ಅತ್ತು ಮುಗಿಸಿದೆ. ಆಮೇಲೆ ಎದ್ದು ಕಾಫಿ ಮಾಡಿ ಅವರ ಮುಂದೆ ಇಟ್ಟೆ. ಲೋಟ ತಣ್ಣಗಾಗುವವರೆಗೂ ಅವರು ಮುಟ್ಟಲಿಲ್ಲ. ಕಾಫಿ ಕುಡಿದರೆಂದು ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದವಳೇ ನಾನು, ಕೊನೆಗೆ, “ಕುಡೀರಿ ಮಾವ, ಆರಿ ಹೋಗುತ್ತೆ” ಎಂದೆ.

ಕೆಲವು ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಆಸ್ಪತ್ರೆಯಿಂದ ಫೋನು ಬಂದಾಗ ತೆರೆಯಲೇಬೇಕಾಯಿತು. ಮಕ್ಕಳ ಸೇವೆಯಲ್ಲಿ ಒಂದೇ ಚೌಕ ಕೆಂಪಗಿತ್ತು. ಕೆಲಸ ಮುಗಿದ ಮೇಲೆ ಗಿರಾಕಿಯೊಂದಿಗೆ ಕೊನೆಯ ಸಂಪರ್ಕ ಏನು ಎಂಬುದು, ಗೆರೆಯ ಮೇಲೆ. ಉಳಿದ ಸೇವೆಗಳಿಗೆಲ್ಲ ಅಲ್ಲಿ ಏನೂ ಇಲ್ಲ ಎಂದು ಒತ್ತಿದ್ದೆ. ಇಲ್ಲಿ ಕೈ ಓಡಲಿಲ್ಲ. ಬಹಳ ಹೊತ್ತು ಕೂತಿದ್ದು, ‘ಎಲ್ಲಿ ಮಲಗಿಸಿದರು ಎಂದು ನೋಡಿಕೊಂಡು ಬಂದು, ತಾಯಿ ಕೇಳಿದರೆ ಅವಳಿಗೆ ಹೇಳುವುದು’ ಎಂದು ಬರೆದೆ. ಯಾರು ಮಾಡಬೇಕು ಎಂಬಲ್ಲಿ ನನ್ನ ಹೆಸರು ಹಾಕಿದೆ.

ಮನೆಯಲ್ಲಿ ಗಲಾಟೆಯಾಯಿತು. ಹೆಂಗಸು ರುದ್ರಭೂಮಿಗೆ ಹೋಗುವುದುಂಟೆ ಎಂದು ಅತ್ತೆ ಊಟ ಬಿಟ್ಟರು. “ಬೇಕಾ ಇದೆಲ್ಲ ಕಣೇ?” ಎಂದರು ನಾಗೇಂದ್ರ. ಮಾವ ಮಾತ್ರ ಗೋಡೆಗೆ ಒರಗಿ ಕೂತಿದ್ದವರು, “ಹೋಗ್ಲಿ ಬಿಡ್ರೋ. ಗಂಡಸು ನಾನು ಹೋಗಿ ಮಾಡಿದ್ದು ಅಷ್ಟರಲ್ಲೇ ಇದೆ” ಎಂದರು. ಅವರು ಏನು ಮಾಡಿದ್ದರೆಂದು ಆ ಇಬ್ಬರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮುರಳೀಕೃಷ್ಣ ಫೋನು ಮಾಡಿದ. “ಮೇಡಂ, ಈ ಲಾಸ್ಟ್ ಸ್ಟೆಪ್‌ಗೆ ಕ್ಲೋಸಿಂಗ್ ಡೇಟ್ ಹಾಕಿಲ್ಲ ನೀವು. ಸರ್ವಿಸ್ ಯಾವತ್ತು ಮುಗಿಯುತ್ತೆ ಅಂತ ಸಿಸ್ಟಮ್ ಕೇಳ್ತಾ ಇದೆ.”

“ಮುಗಿಯಲ್ಲ.”

“ಒಂದು ವಾರ ಅಂತ ಹಾಕ್ಲಾ? ಒಂದು ತಿಂಗಳು?”

“ಆ ತಾಯಿ ಇನ್ನು ಹತ್ತು ವರ್ಷ ಬಿಟ್ಟು ಬಂದು ಕೇಳಿದ್ರೂ ಹೇಳ್ಬೇಕು. ಮುಗಿಯಲ್ಲ ಅಂತ ಹಾಕಕ್ಕಾಗಲ್ವಾ ನಿಮ್ಮ ಸಾಫ್ಟ್‌ವೇರಲ್ಲಿ?”

“ಹಾಗೆ ಆಪ್ಷನ್ ಇಲ್ಲ ಮೇಡಂ,” ಎಂದ. “ಇರಿ, ನಾನೇ ಏನಾದ್ರೂ ಮಾಡ್ತೀನಿ.”

ಏನು ಮಾಡಿದನೋ, ಸಂಜೆಯ ಹೊತ್ತಿಗೆ ಆ ಚೌಕ ಹಸಿರಾಗಿತ್ತು.

ಮೊದಲ ಕರೆ ಒಂದು ಸೋಮವಾರ ಬೆಳಿಗ್ಗೆ ಬಂತು. ನಾಗೇಂದ್ರ ವ್ಯಾನು ತೆಗೆದರು. ಮಾವ ಖಾಕಿ ಶರ್ಟು ಹಾಕಿಕೊಂಡು ಬಂದರು, ನಾನು ಟವಲು, ಒಂದು ಸಣ್ಣ ಬಾಟಲಿಯಲ್ಲಿ ಹಾಲು ತೆಗೆದುಕೊಂಡೆ. ಹಾಲು ಬಾಟಲಿಗೆ ಸುರಿಯುವಾಗ ಅರ್ಧ ಚೆಲ್ಲಿತು. ಅತ್ತೆ ಸದ್ದಿಲ್ಲದೆ ಬಂದು, ಬಾಟಲಿ ತುಂಬಿಸಿ ಕೊಟ್ಟು ಒಳಗೆ ಹೋದರು.

ಆ ಹುಡುಗಿ ತೀರ ಚಿಕ್ಕವಳು, ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳಂತೆ. ಹಾಸಿಗೆಯ ಮೇಲೆ ಕೂತು ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಅವಳ ತಾಯಿ. ಮಾವ ಬಾಗಿಲಲ್ಲೇ ನಿಂತರು. ನಾನು ಹತ್ತಿರ ಹೋಗಿ ಎರಡೂ ಕೈ ಚಾಚಿದೆ. ಅವಳು ಕೊಡಲಿಲ್ಲ. ನಾನು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ಕೊಟ್ಟಳು. ಮಾವ ಹೇಳಿದ್ದು ನಿಜ, ಏನೂ ಭಾರವಿರಲಿಲ್ಲ.

“ಎಲ್ಲಿ ಮಲಗಿಸ್ತೀರ ಆಂಟಿ?” ಎಂದಳು.

“ಅದನ್ನೆಲ್ಲ ಕೇಳ್ಬಾರದು ಕಣೇ,” ಎಂದು ಅವಳ ತಾಯಿ ಗದರಿಸಿದಳು.

ನನ್ನ ಮಗಳ ಮೇಲೆ ಆ ಹೊಂಗೆಯ ನೆರಳು ಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಈ ಹುಡುಗಿಗೆ ಹಾಗಾಗಬಾರದು. ಮಾತಾಡದೆ ಹೊರಟುಬಿಡಬೇಕಾದ ಹೊತ್ತು ಅದು. ಬಾಗಿಲವರೆಗೆ ಹೋದವಳು ನಿಂತೆ, ತಿರುಗಿದೆ.

“ಬರ್ತೀನಮ್ಮ,” ಎಂದೆ. “ನೋಡ್ಕೊಂಡು, ಬಂದು ಹೇಳ್ತೀನಿ.”

ಮಾವ ತಲೆ ತಗ್ಗಿಸಿ ನನಗೆ ದಾರಿ ಬಿಟ್ಟರು.